ತಟ್ಟೆ ವಿಮಾನದ ಜೀರ್ಣೋದ್ಧಾರ

ನಮ್ಮ ಕಡೆ ಹಳೇ ದೇವಸ್ಥಾನದ ಜೀರ್ಣೋದ್ಧಾರ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಕಮಿಟಿ ಆಗುತ್ತೆ, ರಸೀದಿ ಪುಸ್ತಕ ಅಚ್ಚಾಗುತ್ತೆ, ಒಂದು ದಿನ ಹೋಗಿ ನೋಡಿದರೆ ಹೊಯ್ಸಳರ ಕಾಲದ ಕಂಬಕ್ಕೆ ಆಯಿಲ್ ಪೇಂಟ್ ಬಿದ್ದಿರುತ್ತೆ. ಇಂಥದ್ದನ್ನು ಕಂಡಾಗೆಲ್ಲ ಹಲ್ಲು ಕಡಿಯುತ್ತಿದ್ದ ನಾನೇ ಅಂಥದ್ದೊಂದು ಕೆಲಸ ಮಾಡಿಬಿಟ್ಟೆ. ದೇವಸ್ಥಾನಕ್ಕಲ್ಲ, ಒಂದು ಆಟಿಕೆಗೆ. ಆ ಕಥೆ ಹೇಳೋಣ ಅಂತ ಕೂತಿದ್ದೇನೆ. ಜೊತೆಗೆ ಸ್ವಲ್ಪ ಇತಿಹಾಸವೂ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

1982ರಲ್ಲಿ ನಮ್ಮ ಸೋದರಮಾವ ಅಮೆರಿಕದಿಂದ ಬಂದಾಗ ಅಣ್ಣನಿಗೆ ಒಂದು ದೊಡ್ಡ ಡಬ್ಬಿ ತಂದುಕೊಟ್ಟರು. ಒಳಗಿದ್ದದ್ದು ಕೆನ್ನರ್ ಕಂಪನಿಯ 'ಮಿಲೇನಿಯಂ ಫಾಲ್ಕನ್'. 'ಸ್ಟಾರ್ ವಾರ್ಸ್' ಸಿನಿಮಾದ ಆಕಾಶನೌಕೆ. ತಿಪಟೂರಿನಲ್ಲಿದ್ದ ನಾವು ಆ ಸಿನಿಮಾ ನೋಡಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಊಟದ ತಟ್ಟೆಯ ಹಾಗೆ ಇತ್ತಲ್ಲ, ಅದಕ್ಕೆ 'ತಟ್ಟೆ ವಿಮಾನ' ಅಂತ ಹೆಸರಿಟ್ಟೆವು. ಅಣ್ಣ ಪೈಲಟ್ಟು. ನಾನು ಪ್ರಯಾಣಿಕ. ಹದಿನೈದು ದಿನಕ್ಕೊಮ್ಮೆ ಮುಟ್ಟುವುದಕ್ಕೆ ಬಿಡುತ್ತಿದ್ದ.

ಆಮೇಲೆ ಅದು ಅಟ್ಟ ಸೇರಿತು. 2021ರ ಮಳೆಗಾಲದಲ್ಲಿ ಊರಿನ ಮನೆ ಹೆಂಚು ತೆಗೆಸುವಾಗ ಅಟ್ಟದಿಂದ ಇಳಿಯಿತು. ಬಿಳಿ ಬಣ್ಣ ಹೋಗಿ ಹಳೇ ಪಂಚೆಯ ಹಾಗೆ ಹಳದಿಯಾಗಿತ್ತು. ಸ್ಟಿಕ್ಕರುಗಳು ಅಂಚಿನಲ್ಲಿ ಎದ್ದು ಸುರುಳಿಯಾಗಿದ್ದವು. ಬ್ಯಾಟರಿ ಸೋರಿ ತಗಡಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಬೆಂಗಳೂರಿಗೆ ತಂದೆ. ಇದನ್ನು ಸಿನಿಮಾದಲ್ಲಿ ಇರುವ ಹಾಗೇ ಮಾಡಿ ಗಾಜಿನ ಬೀರುವಿನಲ್ಲಿ ಇಡಬೇಕು ಅನ್ನುವ ಹುಚ್ಚು ಹತ್ತಿತು.

ಸಿನಿಮಾದಲ್ಲಿ ಇರುವ ಹಾಗೆ ಅಂದರೆ ಹೇಗೆ? ಅಲ್ಲಿಂದ ಶುರುವಾಯಿತು ನೋಡಿ ನನ್ನ ಓದು.

ಮೊದಲು ಕಣ್ಣಿಗೆ ಬಿದ್ದದ್ದು ಅಳತೆ. 1977ರ ಮೇ 25ಕ್ಕೆ ಸಿನಿಮಾ ತೆರೆ ಕಂಡಾಗ ಒಹಾಯೋದ ಸಿನ್ಸಿನಾಟಿಯಲ್ಲಿದ್ದ ಕೆನ್ನರ್ ಹತ್ತಿರ ಗೊಂಬೆಗಳೇ ತಯಾರಿರಲಿಲ್ಲ. ಆ ವರ್ಷದ ಕ್ರಿಸ್‌ಮಸ್‌ಗೆ ಅವರು ಮಾರಿದ್ದು ಹೆಚ್ಚುಕಮ್ಮಿ ಖಾಲಿ ಡಬ್ಬಿ! ಅದರಲ್ಲೊಂದು ಚೀಟಿ. ಚೀಟಿ ಕಳಿಸಿದರೆ 1978ರಲ್ಲಿ ನಾಲ್ಕು ಗೊಂಬೆ ಅಂಚೆಯಲ್ಲಿ ಬರುತ್ತಿದ್ದವು. ಜನ ಅದನ್ನೂ ಕೊಂಡರು. ಆ ಗೊಂಬೆಗಳ ಎತ್ತರ ಮೂರೂಮುಕ್ಕಾಲು ಇಂಚು. ಒಂದಡಿಯ ಗೊಂಬೆ ಮಾಡಿದ್ದರೆ ಅದು ಕೂರುವ ನೌಕೆಯನ್ನು ಯಾವ ಅಂಗಡಿಯಲ್ಲೂ ಇಡಲಾಗುತ್ತಿರಲಿಲ್ಲ.

ಮೂರೂಮುಕ್ಕಾಲು ಇಂಚಿಗೂ ಕಷ್ಟವೇ. ಮನುಷ್ಯನನ್ನು ಆ ಎತ್ತರಕ್ಕೆ ಇಳಿಸಿದರೆ ಹದಿನೆಂಟರಲ್ಲಿ ಒಂದು ಪಾಲಾಗುತ್ತಾನೆ. ಫಾಲ್ಕನ್ನಿನ ಈಗಿನ ಅಧಿಕೃತ ಉದ್ದ ಸುಮಾರು 35 ಮೀಟರ್. ಅದನ್ನೂ ಹದಿನೆಂಟರಿಂದ ಭಾಗಿಸಿದರೆ ಆರು ಅಡಿಗಿಂತ ಹೆಚ್ಚು. ಮಕ್ಕಳ ಮಂಚದಷ್ಟು! ಆದರೆ 1979ರಲ್ಲಿ ಬಂದ ಆಟಿಕೆಯ ಉದ್ದ ಒಂದೂಮುಕ್ಕಾಲು ಅಡಿ. ನೌಕೆಯನ್ನು ಕುಗ್ಗಿಸಿದರು, ಗೊಂಬೆ ಕೂರಬೇಕಲ್ಲ ಅಂತ ಪೈಲಟ್ಟಿನ ಗೂಡನ್ನು ಹಿಗ್ಗಿಸಿದರು. ಮೇಲಿನ ಮುಚ್ಚಳ ತೆಗೆದರೆ ಒಳಗೆ ಆಡಲು ಜಾಗ, ಬಚ್ಚಿಟ್ಟುಕೊಳ್ಳಲು ಒಂದು ಗೂಡು, ತಿರುಗುವ ತೋಪು, ಬ್ಯಾಟರಿ ಹಾಕಿದರೆ ಸದ್ದು. ಅದು ನೋಡುವುದಕ್ಕೆ ಮಾಡಿದ ವಸ್ತುವೇ ಅಲ್ಲ, ಕೈಗೆ ಮಾಡಿದ್ದು. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡನೆಯದು ಇನ್ನೂ ಮಜಾ. ಸಿನಿಮಾದ 'ನಿಜವಾದ' ಫಾಲ್ಕನ್ ಕೂಡ ಆಟಿಕೆಯ ಚೂರುಗಳಿಂದಲೇ ಆದದ್ದು!

ಜಾರ್ಜ್ ಲ್ಯೂಕಾಸ್ 1975ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ 'ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್' ಅನ್ನುವ ಕಾರ್ಖಾನೆ ಶುರುಮಾಡಿದ. ಅಲ್ಲಿ ಮೊದಲು ಮಾಡಿದ್ದ ನೌಕೆ ಉದ್ದಕ್ಕಿತ್ತು. ಅಷ್ಟರಲ್ಲಿ ಇಂಗ್ಲೆಂಡಿನ 'ಸ್ಪೇಸ್: 1999' ಅನ್ನುವ ಟಿವಿ ಧಾರಾವಾಹಿ ಬಂತು. ಅದರ 'ಈಗಲ್' ನೌಕೆ ಇದನ್ನೇ ಹೋಲುತ್ತಿತ್ತು. ಸರಿ, ಜೋ ಜಾನ್‌ಸ್ಟನ್ ಕೂತು ಹೊಸ ಆಕಾರ ಬರೆದ, ದುಂಡಗೆ. ಹಳೆಯದನ್ನು ಬಿಸಾಕಲಿಲ್ಲ. ಅದರ ಪೈಲಟ್ ಗೂಡನ್ನು ಕಿತ್ತು ಹೊಸದರ ಪಕ್ಕಕ್ಕೆ ಅಂಟಿಸಿದರು. ಮುಂಡಕ್ಕೆ ಸುತ್ತಿಗೆಯಂಥ ಬೇರೆ ತಲೆ ಇಟ್ಟರು. ಸಿನಿಮಾದ ಮೊಟ್ಟಮೊದಲ ದೃಶ್ಯದಲ್ಲಿ ಓಡಿಹೋಗುವ ಬಂಡುಕೋರರ ಹಡಗು ಅದೇ.

ಹೊಸ ಮಾದರಿ ಸುಮಾರು ಐದು ಅಡಿ. ಅದರ ಮೈಮೇಲಿನ ಪೈಪು, ಡಬ್ಬಿ, ಸರಳುಗಳನ್ನೆಲ್ಲ ಲೋರ್ನ್ ಪೀಟರ್ಸನ್, ಸ್ಟೀವ್ ಗಾಲಿ, ಗ್ರ್ಯಾಂಟ್ ಮೆಕ್ಯೂನ್ ಮುಂತಾದವರು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕಿಟ್ಟುಗಳಿಂದ ಕತ್ತರಿಸಿ ಅಂಟಿಸಿದರು. ತಮಿಯಾ ಕಂಪನಿಯ ಯುದ್ಧದ ಟ್ಯಾಂಕುಗಳು, ರೇಸ್ ಕಾರಿನ ಎಂಜಿನ್ನುಗಳು, ರೈಲಿನ ಮೇಲೆ ಕೂರಿಸಿದ ಜರ್ಮನ್ ತೋಪು. ಅಂಥ ಚೂರುಪಾರುಗಳಿಗೆ ಅವರು ಇಟ್ಟುಕೊಂಡ ಹೆಸರು 'ಗ್ರೀಬ್ಲಿ'.

ಇದು ಬರೀ ಅಲಂಕಾರ ಅಂದುಕೊಳ್ಳಬೇಡಿ. ಜಾನ್ ಡೈಕ್‌ಸ್ಟ್ರಾ ತಂಡದ ಕಂಪ್ಯೂಟರ್ ಹಿಡಿತದ ಕ್ಯಾಮೆರಾ ಮಾದರಿಯ ಮೈ ಸವರಿಕೊಂಡು ಓಡುತ್ತಿತ್ತು. ನಯವಾದ ಮೈ ಇದ್ದರೆ ಕಣ್ಣಿಗೆ ಆಟಿಕೆ ಅಂತ ತಕ್ಷಣ ಗೊತ್ತಾಗುತ್ತೆ. ಸಣ್ಣ ಸಣ್ಣ ವಿವರ ಸಿಕ್ಕಷ್ಟೂ ಕಣ್ಣು 'ಓ, ಇದು ದೊಡ್ಡದು' ಅಂತ ಮೋಸ ಹೋಗುತ್ತೆ.

ಈ ವಿದ್ಯೆಯೂ ಅಲ್ಲಿ ಹುಟ್ಟಿದ್ದಲ್ಲ. 1965ರಲ್ಲಿ ಶುರುವಾದ 'ಥಂಡರ್‌ಬರ್ಡ್ಸ್' ಧಾರಾವಾಹಿಗೆ ಇಂಗ್ಲೆಂಡಿನ ಸ್ಲೌ ಊರಿನಲ್ಲಿ ಡೆರೆಕ್ ಮೆಡಿಂಗ್ಸ್ ಮಾದರಿಗಳನ್ನು ಮಾಡುತ್ತಿದ್ದಾಗಲೇ ಕಿಟ್ಟಿನ ಚೂರು ಅಂಟಿಸಿ, ಬೇಕೆಂದೇ ಮಸಿ ಬಳಿದು, ಬಳಸಿ ಹಳತಾದಂತೆ ತೋರಿಸುತ್ತಿದ್ದ. ಅವನ ಹತ್ತಿರ ಕೆಲಸ ಮಾಡಿದ ಬ್ರಯಾನ್ ಜಾನ್ಸನ್ ಸ್ಟಾನ್ಲಿ ಕ್ಯುಬ್ರಿಕ್‌ನ '2001' ಸಿನಿಮಾಕ್ಕೆ ಹೋದ, ಆಮೇಲೆ ಅದೇ 'ಈಗಲ್' ನೌಕೆ ರೂಪಿಸಿದ, ಕೊನೆಗೆ ಸ್ಟಾರ್ ವಾರ್ಸ್‌ನ 1980ರ ಎರಡನೇ ಸಿನಿಮಾಕ್ಕೂ ಬಂದ. ಘರಾನೆ ಅನ್ನುತ್ತಾರಲ್ಲ, ಹಾಗೆ. ಅಂಗಡಿಯ ಆಟಿಕೆ ಒಡೆದು ಸಿನಿಮಾದ ನೌಕೆ, ಸಿನಿಮಾದ ನೌಕೆ ನೋಡಿ ಅಂಗಡಿಯ ಆಟಿಕೆ. ಈಗ ನಾನು ಆ ಆಟಿಕೆಗೆ ಮತ್ತೆ ಕಿಟ್ಟಿನ ಚೂರು ಅಂಟಿಸಿ ಸಿನಿಮಾದ ನೌಕೆ ಮಾಡಲು ಹೊರಟಿದ್ದೆ. ಚಕ್ರ ಪೂರ್ತಿ ತಿರುಗಿತ್ತು.

ಕೆಲಸಕ್ಕೆ ಇಳಿದೆ. ಸ್ಕ್ರೂ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದೆ. ಬ್ಯಾಟರಿ ಮುಚ್ಚಳ ತೆಗೆದರೆ ಒಳಗೊಂದು ಶಾಸನ! ಬಾಲ್ ಪೆನ್ನಿನಲ್ಲಿ ಅಣ್ಣನ ಹೆಸರು, ಕೆಳಗೆ '7ನೇ ಬಿ, 1983', ಅದರ ಕೆಳಗೆ 'ಕೇಳದೆ ಮುಟ್ಟಿದವರಿಗೆ ಗಣಿತದಲ್ಲಿ ಸೊನ್ನೆ'. ನಮ್ಮ ಹಳೇ ಶಾಸನಗಳ ಕೊನೆಗೆ, ದತ್ತಿ ಕೆಡಿಸಿದವರು ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗುತ್ತಾರೆ ಅಂತ ಶಾಪಾಶಯ ಇರುತ್ತದಲ್ಲ, ಥೇಟ್ ಹಾಗೆ :) ನಗು ಬಂತು. ಆ ಮುಚ್ಚಳಕ್ಕೆ ಬಣ್ಣ ತಾಗಿಸುವುದಿಲ್ಲ ಅಂತ ಪಕ್ಕಕ್ಕಿಟ್ಟೆ. ಎಂಥಾ ಇತಿಹಾಸಪ್ರಜ್ಞೆ ನನ್ನದು ಅಂತ ಬೆನ್ನು ತಟ್ಟಿಕೊಂಡದ್ದೂ ಆಯಿತು.

ಸ್ಟಿಕ್ಕರು ಕಿತ್ತೆ. ಹಿಂಭಾಗದಲ್ಲಿ ಮೂರು ಒರಟು ತೂತುಗಳಿದ್ದವು, ಅಂಚು ಕರಗಿದ ಹಾಗೆ. ಏನೋ ಹಾಳಾಗಿದೆ ಅಂತ ಪುಟ್ಟಿ ತುಂಬಿ, ಎಮರಿ ಪೇಪರಿನಲ್ಲಿ ಉಜ್ಜಿ ನುಣ್ಣಗೆ ಮಾಡಿದೆ. ಸುತ್ತಿನ ಗೋಡೆಯಲ್ಲಿ ವಿವರ ಬಹಳ ಕಮ್ಮಿ, ಅದಕ್ಕೆ ಒಂದು ಹೊಸ ಟ್ಯಾಂಕ್ ಕಿಟ್ ತಂದು ಕತ್ತರಿಸಿದೆ. ("ಹಳೇ ವಿಮಾನಕ್ಕೋಸ್ಕರ ಹೊಸ ಟ್ಯಾಂಕ್ ಒಡೀತಿದೀರಾ?" ಅಂದಳು ನನ್ನಾಕೆ.) ಸಾಲದ್ದಕ್ಕೆ ವಾಚ್ ರಿಪೇರಿಯವರ ಹತ್ತಿರ ಬೇಡಿ ತಂದ ಹಲ್ಲುಚಕ್ರ, ಪೆನ್ನಿನ ಸ್ಪ್ರಿಂಗು, ಡ್ರಿಪ್ ಸೆಟ್ಟಿನ ಪೈಪು. ಎಸ್.ಪಿ. ರೋಡಿನಿಂದ ನೀಲಿ ಬಿಳುಪಿನ ಎಲ್‌ಇಡಿ ಪಟ್ಟಿ, ಹಿಂದಿನ ಎಂಜಿನ್ನಿನ ಬೆಳಕಿಗೆ.

ಬಣ್ಣದ ಕ್ರಮ ಹೀಗೆ. ಮೊದಲು ಬೂದು ಪ್ರೈಮರ್. ಮೇಲೆ ಹಾಲುಬಿಳಿಯಲ್ಲ, ಸ್ವಲ್ಪ ಬೂದಿ ಬೆರೆತ ಬಿಳಿ. ಅಲ್ಲೊಂದು ಇಲ್ಲೊಂದು ಚೌಕಕ್ಕೆ ತುಕ್ಕುಗೆಂಪು, ಮಾಸಲು ಹಳದಿ. ಆಮೇಲೆ ಕಪ್ಪು ಕಂದನ್ನು ನೀರಾಗಿ ಕಲಸಿ ಮೈತುಂಬ ಹರಿಸಿ, ಬಟ್ಟೆಯಿಂದ ಒರೆಸಬೇಕು. ಗೆರೆಗಳೊಳಗೆ ಮಾತ್ರ ಕಪ್ಪು ನಿಂತು ಆಳ ಕಾಣುತ್ತೆ. ಕೊನೆಗೆ ಒಣ ಬ್ರಶ್ಶಿನಲ್ಲಿ ತಿಳಿಬಣ್ಣವನ್ನು ಅಂಚಿಗೆ ಸವರಿದರೆ ಉಬ್ಬು ಎದ್ದು ಕಾಣುತ್ತೆ. ನಾಲ್ಕು ತಿಂಗಳ ಭಾನುವಾರಗಳು ಹೋದವು. ರಾತ್ರಿ ದೀಪ ಆರಿಸಿ ಎಲ್‌ಇಡಿ ಹಚ್ಚಿದಾಗ ನಿಜಕ್ಕೂ ಮೈ ಜುಮ್ಮೆಂದಿತು.

ಫೋಟೋ ತೆಗೆದು ದಾವಣಗೆರೆಯಲ್ಲಿರುವ ಅಣ್ಣನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಲೋ, ಇದು ನಮ್ದೇನಾ?"

"ಹೂಂ ಕಣೋ, ಅದೇ."

"ತುಂಬಾ ಚೆನ್ನಾಗಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಿಂದ್ಗಡೆ ನಾನು ಮಾಡಿದ್ದ ಮೂರು ತೂತು ಇದ್ಯಾ?"

ನನಗೆ ಆಗ ನೆನಪಾಯಿತು. ಅಮ್ಮನ ಉಲ್ಲನ್ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ ತೂತು ಹೊಡೆದು, ಟಾರ್ಚ್ ಬಲ್ಬ್ ಸಿಕ್ಕಿಸಿ, ಕರೆಂಟು ಹೋದ ರಾತ್ರಿಗಳಲ್ಲಿ ತಟ್ಟೆ ವಿಮಾನದ ಎಂಜಿನ್ ಹಚ್ಚುತ್ತಿದ್ದ. ಕಡ್ಡಿ ಹಾಳಾಗಿದ್ದಕ್ಕೆ ಏಟೂ ತಿಂದಿದ್ದ. ಸಿನಿಮಾ ನೋಡದ ಹನ್ನೆರಡು ವರ್ಷದ ಹುಡುಗ, ಇದಕ್ಕೆ ಹಿಂದಿನಿಂದ ಬೆಳಕು ಬರಬೇಕು ಅಂತ ತಾನೇ ಲೆಕ್ಕ ಹಾಕಿದ್ದ. ನಾನು ನಾಲ್ಕು ತಿಂಗಳು ಓದಿ ಮಾಡಿದ್ದನ್ನು ಅವನು 1983ರಲ್ಲೇ ಮಾಡಿದ್ದ. ಅದಕ್ಕೆ ನಾನು ಪುಟ್ಟಿ ಮೆತ್ತಿದ್ದೆ.

"ಮುಚ್ಚಿಬಿಟ್ಟೆ ಕಣೋ" ಅಂದೆ.

"ಹೋಗ್ಲಿ ಬಿಡು" ಅಂದ. ಅಣ್ಣಂದಿರು ಹೇಳುವ ಆ 'ಹೋಗ್ಲಿ ಬಿಡು' ಎಷ್ಟು ಭಾರ ಅಂತ ತಮ್ಮಂದಿರಿಗೆ ಗೊತ್ತು.

ಡ್ರಿಲ್ ತೆಗೆದುಕೊಂಡು ಮತ್ತೆ ಮೂರು ತೂತು ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಅದು ನನ್ನ ತೂತಾಗುತ್ತಿತ್ತು, ಅವನದ್ದಲ್ಲ. ಬರೆದಿದ್ದ ಶಾಸನ ಉಳಿಸಿ ಬರೆಯದ ಶಾಸನ ಅಳಿಸಿದೆ. ನಮ್ಮ ಕಮಿಟಿಯವರೂ ಹೀಗೇ ಇರಬೇಕು. ಅವರಿಗೂ ಕೆಟ್ಟ ಮನಸ್ಸೇನಿಲ್ಲ. ಅಕ್ಷರ ಇದ್ದದ್ದು ಮಾತ್ರ ಇತಿಹಾಸ, ಮಿಕ್ಕಿದ್ದು ರಿಪೇರಿಗೆ ಬಂದದ್ದು ಅಂದುಕೊಳ್ಳುತ್ತಾರೆ, ಅಷ್ಟೇ.

'2001' ಸಿನಿಮಾದ ಮಾದರಿಗಳಲ್ಲಿ ಬಹುಪಾಲು ಉಳಿಯಲೇ ಇಲ್ಲ. ಉಳಿದದ್ದರಲ್ಲಿ ಚಂದ್ರನಿಗೆ ಹೋಗುವ ದುಂಡನೆಯ 'ಏರೀಸ್' ನೌಕೆಯೊಂದು 2015ರಲ್ಲಿ ಹರಾಜಿಗೆ ಬಂದು, ಆಸ್ಕರ್ ಕೊಡುವ ಅಕಾಡೆಮಿಯವರು 3,44,000 ಡಾಲರ್ ಕೊಟ್ಟು ಕೊಂಡರು. ನನ್ನದಕ್ಕೆ ಅಂಥ ಬೆಲೆಯೇನಿಲ್ಲ. ಆದರೂ ಈಗ ನನಗೊಂದು ನಿಯಮ ಇದೆ: ಯಾವುದನ್ನೇ ಬಿಚ್ಚುವ ಮುಂಚೆ ಪ್ರತಿ ಗೀರಿನ ಫೋಟೋ, ಮತ್ತು ಮೊದಲು ಆಡಿದವರಿಗೆ ಒಂದು ಫೋನು.

ಆ ಸಲ ದಸರೆಗೆ ಅಮ್ಮ ಅದನ್ನು ಗೊಂಬೆ ಕೂರಿಸುವ ಕೊನೇ ಮೆಟ್ಟಿಲಿನಲ್ಲಿ, ಚನ್ನಪಟ್ಟಣದ ಮದುವೆ ದಿಬ್ಬಣದ ಪಕ್ಕ ಇಟ್ಟಳು. ಅಣ್ಣ ಬಂದವನು ಕನ್ನಡಕ ಏರಿಸಿಕೊಂಡು ಸುತ್ತಲೂ ನೋಡಿದ. ಬ್ಯಾಟರಿ ಮುಚ್ಚಳ ತೆಗೆದು ತನ್ನ ಶಾಪಾಶಯ ಓದಿ ಜೋರಾಗಿ ನಕ್ಕ. ಆಮೇಲೆ ಹಿಂಭಾಗದ ಮೇಲೆ ಹೆಬ್ಬೆರಳು ಸವರಿದ, ಅದೇ ಜಾಗದಲ್ಲಿ. ಪುಟ್ಟಿ ನುಣ್ಣಗಿತ್ತು. ಏನೂ ಹೇಳಲಿಲ್ಲ. ಮನೆಯ ದೀಪ ಆರಿಸು ಅಂದ.

ಆರಿಸಿದೆ. ಅವನೇ ಸ್ವಿಚ್ ಹಾಕಿದ.

ನಿಮ್ಮನೆ ಅಟ್ಟದಲ್ಲಿ ಏನೇನಿದೆ? ಇಳಿಸುವ ಮುಂಚೆ ಯಾರನ್ನು ಕೇಳಬೇಕು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಆಮೇಲೆ ಇಲ್ಲಿ ಬಂದು ಹೇಳಿ.