ಬೀದಿಮರಗಳ ಆರೈಕೆ: ಸ್ವಂತ ಸಿಬ್ಬಂದಿಯೋ, ಗುತ್ತಿಗೆಯೋ?

ಬೀದಿಮರಗಳ ಆರೈಕೆಯನ್ನು ನಗರಾಡಳಿತಗಳು ಸಂಬಳದ ಸಿಬ್ಬಂದಿಯಿಂದಲೋ, ಟೆಂಡರ್ ಕರೆದು ಗುತ್ತಿಗೆದಾರರಿಂದಲೋ ಮಾಡಿಸುತ್ತವೆ. ಬೆಂಗಳೂರಿನಲ್ಲಿ ಎರಡೂ ಬೆರೆತಿವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಕೊಡುವವರು ವೃಕ್ಷ ಅಧಿಕಾರಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಅರಣ್ಯ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿಗಳು ಈ ಹೊಣೆ ಹೊತ್ತಿದ್ದರು. ಗರಗಸ ಹಿಡಿದು ಮರ ಹತ್ತುವ ಕೆಲಸ ಮಾತ್ರ ಬಹುಮಟ್ಟಿಗೆ ಗುತ್ತಿಗೆ ತಂಡಗಳದಾಗಿತ್ತು.

ಈ ಏರ್ಪಾಡಿಗೆ ಕಾರಣವಿದೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್, ಮಳೆಮರಗಳು ಒಂದೇ ಸಂಜೆ ಹಲವು ಬಡಾವಣೆಗಳಲ್ಲಿ ಉರುಳುತ್ತವೆ. ಆಗ ಬೇಕಾಗುವ ಕ್ರೇನು, ಲಾರಿ, ಆಳುಗಳನ್ನು ವರ್ಷವಿಡೀ ಸಾಕುವುದು ದುಬಾರಿ. ಬಿದ್ದ ಮರ ತೆರವುಗೊಳಿಸಲು ಗುತ್ತಿಗೆಯೇ ಮೇಲು.

ನಿಂತ ಮರದ ಮಾತು ಬೇರೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಅದರಾಚೆಗೆ ಒತ್ತಿ ಕತ್ತರಿಸಿದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ದಪ್ಪ ಕೊಂಬೆಗೆ ಮೂರು ಕಡಿತ ಬೇಕು: ಮೊದಲು ಕೆಳಗಿನಿಂದ ಅರ್ಧಂಬರ್ಧ, ಆಮೇಲೆ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಬ್ಬಿನ ಬಳಿ. ಹಾಗಲ್ಲದೆ ಒಂದೇ ಏಟಿಗೆ ಕೆಡವಿದರೆ ಕೊಂಬೆಯ ಭಾರಕ್ಕೆ ಕಾಂಡದ ತೊಗಟೆ ಉದ್ದಕ್ಕೂ ಸಿಗಿದು ಬರುತ್ತದೆ. ಮೋಟು ಉಳಿಸಿದರೆ ಅಣಬೆ ಹತ್ತಿ ಕೊಳೆಯುತ್ತದೆ. ಗುತ್ತಿಗೆ ಕೆಲಸವನ್ನು ಲಾರಿ ಲೋಡಿನ ಲೆಕ್ಕದಲ್ಲಿ ಅಳೆದರೆ ಈ ವ್ಯವಧಾನಕ್ಕೆ ಕಾಸು ಹುಟ್ಟುವುದಿಲ್ಲ. ವಿದ್ಯುತ್ ತಂತಿಗಾಗಿ ಒಂದೇ ಮಗ್ಗುಲು ಬೋಳಿಸಿದ ಮರ ಸಮತೋಲ ತಪ್ಪಿ ಮುಂದೊಂದು ಗಾಳಿಗೆ ಬೀಳುವ ಅಪಾಯವೂ ಉಂಟು.

ಕರಾರಿನ ಬರಹ ಎಷ್ಟು ದೂರ ಎಳೆಯಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ನಿದರ್ಶನ. ಅಲ್ಲಿನ ನಗರಸಭೆ 2012ರಲ್ಲಿ ರಸ್ತೆಗಳ ಜೊತೆಗೆ ಬೀದಿಮರಗಳನ್ನೂ 25 ವರ್ಷಗಳ ಮಟ್ಟಿಗೆ ಏಮಿ ಕಂಪನಿಗೆ ವಹಿಸಿತು. 17,500 ಮರ ತೆಗೆದು ಬದಲಿ ಸಸಿ ನೆಡುವ ಅಂಶ ಕರಾರಿನಲ್ಲೇ ಇತ್ತು. 2016ರ ನವೆಂಬರ್‌ನಲ್ಲಿ ರಸ್ಟ್ಲಿಂಗ್ಸ್ ರಸ್ತೆಯ ಮರಗಳನ್ನು ಬೆಳಕು ಹರಿಯುವ ಮೊದಲೇ, ಪೊಲೀಸರ ಕಾವಲಿನಲ್ಲಿ ಉರುಳಿಸಲಾಯಿತು. ಜನರ ಪ್ರತಿರೋಧದಿಂದ 2018ರಲ್ಲಿ ಕಡಿತ ನಿಂತಿತು. 2023ರಲ್ಲಿ ಸ್ವತಂತ್ರ ವಿಚಾರಣಾ ವರದಿ ನಗರಸಭೆಯನ್ನು ಕಟುವಾಗಿ ಟೀಕಿಸಿತು. ಗಮನಿಸಬೇಕಾದದ್ದು, ಕರಾರಿಗೆ ಸಹಿ ಹಾಕಿದ್ದೂ ಅದನ್ನು ಸಮರ್ಥಿಸಿದ್ದೂ ನಗರಸಭೆಯೇ.

ಹಾಗೆಂದು ಸ್ವಂತ ಸಿಬ್ಬಂದಿ ಇದ್ದ ಮಾತ್ರಕ್ಕೆ ಮರ ಉಳಿಯದು. ಹುದ್ದೆ ಖಾಲಿ ಬಿಟ್ಟು, ತರಬೇತಿ ಕೊಡದೆ ಹೋದರೆ ಅವರ ಕೈಯಲ್ಲೂ ಅದೇ ಮೋಟುಗಳೇ. ಆದರೆ ಒಂದು ಮರವನ್ನು ಹತ್ತಾರು ವರ್ಷ ನೋಡಿಕೊಂಡು ಬಂದವರ ತಿಳಿವಳಿಕೆ ವರ್ಷದ ಟೆಂಡರಿನಲ್ಲಿ ಸಿಗುವಂಥದ್ದಲ್ಲ. ಆದ್ದರಿಂದ ಮರಗಳ ದಾಖಲೆ, ತಪಾಸಣೆ, ಎಲ್ಲಿ ಎಷ್ಟು ಕತ್ತರಿಸಬೇಕೆಂಬ ತೀರ್ಮಾನ ನಗರಾಡಳಿತದ ಸಿಬ್ಬಂದಿಯಲ್ಲೇ ಇರಬೇಕು. ಗುತ್ತಿಗೆದಾರರ ಬಿಲ್ಲು, ಕಡಿತದ ಜಾಗವನ್ನು ಈ ಸಿಬ್ಬಂದಿ ಕಣ್ಣಾರೆ ನೋಡಿದ ಮೇಲೆಯೇ ಪಾಸಾಗಬೇಕು.