ಹಾಡುವವರ ಕಿವಿಗೆ ಮರಳುವ ದನಿ

ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರು ಇಂದು ಮನೆಯ ಒಂದು ಕೋಣೆಯಲ್ಲೇ ಭಾವಗೀತೆಯನ್ನೋ ದೇವರನಾಮವನ್ನೋ ಧ್ವನಿಮುದ್ರಿಸಿಕೊಳ್ಳುತ್ತೇವೆ. ಮೈಕ್, ಆಡಿಯೊ ಇಂಟರ್‌ಫೇಸ್, ಲ್ಯಾಪ್‌ಟಾಪ್, ಹೆಡ್‌ಫೋನ್ ಇದ್ದರೆ ಸಾಕು. ಆದರೆ ಹಾಡುತ್ತಿರುವಾಗಲೇ ಗಣಕಯಂತ್ರ ನಮ್ಮ ದನಿಗೆ ಕೂಡಿಸುವ ಅನುರಣನವನ್ನು ಕೇಳಬಯಸಿದೊಡನೆ ತೊಡಕು ಮೊದಲಾಗುತ್ತದೆ. ದನಿ ತುಸು ತಡವಾಗಿ ಕಿವಿಗೆ ಮರಳುತ್ತದೆ, ಲಯ ಜಾರುತ್ತದೆ. ಇದನ್ನು ಹೊಸ ಕಾಲದ ಕಿರಿಕಿರಿ ಎಂದುಕೊಳ್ಳುವುದು ಸಹಜ. ಹಾಡುವವರು ತಮ್ಮ ದನಿಯನ್ನು ಹೇಗೆ ಕೇಳಿಸಿಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ಬಹಳ ಹಳೆಯದು. ಪರಿಹಾರದ ಸುಳಿವೂ ಆ ಚರಿತ್ರೆಯಲ್ಲೇ ಇದೆ.

1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಅವರು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಮುಂದೆ ಮೈಸೂರು ಆಸ್ಥಾನವನ್ನು ಸೇರಿ, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗಾಯಕಿ ಅವರು. ಅಂದು ಮೈಕ್ ಇರಲಿಲ್ಲ. ಲೋಹದ ಕೊಂಬಿನೊಳಕ್ಕೆ ಹಾಡಬೇಕು. ದನಿಯ ಬಲದಿಂದಲೇ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆ ಮೇಣದ ಅಚ್ಚನ್ನು ನುಡಿಸಿ ನೋಡಿದರೆ ಅದು ಕೆಡುತ್ತಿತ್ತು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹೀಗಾಗಿ ಹಾಡುವ ಹೊತ್ತಿನಲ್ಲಿ ಗಾಯಕಿಗೆ ಆಸರೆಯಾಗಿದ್ದುದು ತನ್ನ ಕಿವಿ ಮತ್ತು ಆ ಕೋಣೆ, ಎರಡೇ.

1925ರಲ್ಲಿ ವಿದ್ಯುತ್ ಮುದ್ರಣ ಬಂದು ಮೈಕ್ ಹಾಡುವವರ ಹತ್ತಿರ ಸರಿಯಿತು. ಗೋಡೆಗಳ ಮಾರ್ದನಿಯನ್ನು ಅಡಗಿಸಿದ ಸ್ಟುಡಿಯೊಗಳಲ್ಲಿ ದನಿ ಸ್ಪಷ್ಟವಾಯಿತು, ಆದರೆ ಒಣಗಿದಂತೆಯೂ ಆಯಿತು. ಕಳೆದುಹೋದ ಕೋಣೆಯನ್ನು ಮರಳಿ ಕೂಡಿಸುವ ಯತ್ನಗಳು ಆಮೇಲೆ ನಡೆದವು. 1947ರಲ್ಲಿ ಶಿಕಾಗೋದ ಬಿಲ್ ಪುಟ್ನಮ್ ಅವರು ಹಾರ್ಮೋನಿಕ್ಯಾಟ್ಸ್ ತಂಡದ ಮುದ್ರಣಕ್ಕೆ ಸ್ಟುಡಿಯೊದ ಶೌಚಗೃಹವನ್ನೇ ಪ್ರತಿಧ್ವನಿಯ ಕೋಣೆಯಾಗಿ ಬಳಸಿದರು. 1957ರಲ್ಲಿ ಜರ್ಮನಿಯ ಇಎಂಟಿ 140 ಬಂದಿತು: ಚೌಕಟ್ಟಿನಲ್ಲಿ ಬಿಗಿದ ಉಕ್ಕಿನ ತಗಡು ಕಂಪಿಸಿ ಅನುರಣನವನ್ನು ಹುಟ್ಟಿಸುತ್ತಿತ್ತು. ಇಂಥ ಸಾಧನಗಳಲ್ಲಿ ಮೂಲ ದನಿ ತಂತಿಯ ಮೂಲಕ ತಕ್ಷಣ ತಲುಪುತ್ತಿತ್ತು. ಅನುರಣನ ಬೇರೆ ದಾರಿಯಲ್ಲಿ ಬಂದು ಕೂಡಿಕೊಳ್ಳುತ್ತಿತ್ತು. ಮಾತು ಮಸುಕಾಗದಿರಲೆಂದು ಕೆಲವು ತಂತ್ರಜ್ಞರು ಟೇಪಿನ ನೆರವಿನಿಂದ ಆ ಅನುರಣನವನ್ನು ಬೇಕೆಂದೇ ಇನ್ನಷ್ಟು ತಡವಾಗಿಸುತ್ತಿದ್ದರು.

ಮೂಲ ದನಿಯೇ ತಡವಾದರೆ ಏನಾಗುತ್ತದೆಂಬುದನ್ನು 1950ರಲ್ಲಿ ಬರ್ನಾರ್ಡ್ ಲೀ ತೋರಿಸಿದರು. ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ತಮ್ಮದೇ ಮಾತು ಹೆಡ್‌ಫೋನಿನಲ್ಲಿ ಕೇಳಿಸಿದಾಗ ಮಾತನಾಡುವವರು ತೊದಲತೊಡಗುತ್ತಾರೆ. ವಿಜಯಪುರದ ಗೋಲಗುಮ್ಮಟದಲ್ಲಿಯೂ ನಮ್ಮ ದನಿ ತಡವಾಗಿ ಮರಳುತ್ತದೆ, ಅದೂ ಹಲವು ಬಾರಿ. ಆದರೆ ಅಲ್ಲಿ ನಮ್ಮ ದನಿ ಮೊದಲು ನಮಗೆ ಕೇಳಿಸಿ, ಮಾರ್ದನಿ ಅದನ್ನು ಹಿಂಬಾಲಿಸುತ್ತದೆ. ಹೆಡ್‌ಫೋನಿನಲ್ಲಾದರೋ ತಡವಾದ ದನಿ ಮೂಲ ದನಿಯ ಸ್ಥಾನದಲ್ಲೇ ಬಂದು ಕೂರುತ್ತದೆ.

1996ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯ ವಿಎಸ್‌ಟಿ ಬಂದಾಗ ಉಕ್ಕಿನ ತಗಡಿನ ಕೆಲಸವನ್ನು ಮನೆಯ ಗಣಕಯಂತ್ರವೇ ಮಾಡತೊಡಗಿತು. ಆದರೆ ಗಣಕಯಂತ್ರ ದನಿಯನ್ನು ಕಂತುಕಂತಾಗಿ ಸ್ವೀಕರಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಮುದ್ರಣದಲ್ಲಿ ಬಫರ್ 1,024 ಇದ್ದರೆ ಒಂದು ಕಂತಿಗೆ ಸುಮಾರು 23 ಮಿಲಿಸೆಕೆಂಡು. ಹೋಗಿ ಬರುವಷ್ಟರಲ್ಲಿ 46. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಎಂದರೆ, ನಮ್ಮ ದನಿಯನ್ನು ನಾವೇ 15 ಮೀಟರ್ ಆಚೆ ನಿಂತು ಕೇಳಿದಂತೆ! ಬಫರನ್ನು 128ಕ್ಕೆ ಇಳಿಸಿದರೆ ಈ ತಡ ಸುಮಾರು 6 ಮಿಲಿಸೆಕೆಂಡಿಗೆ ತಗ್ಗುತ್ತದೆ. ಆದರೆ ದುರ್ಬಲ ಯಂತ್ರ ದಣಿದು ಚಟಪಟ ಸದ್ದು ಮಾಡುತ್ತದೆ.

ಹಳೆಯ ಸ್ಟುಡಿಯೊದ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಮೂಲ ದನಿಯನ್ನು ಗಣಕಯಂತ್ರದಿಂದ ಮರಳಿ ಪಡೆಯದೆ, ಇಂಟರ್‌ಫೇಸಿನಿಂದಲೇ ನೇರವಾಗಿ ಹೆಡ್‌ಫೋನಿಗೆ ತೆಗೆದುಕೊಳ್ಳಬೇಕು. ಗಣಕಯಂತ್ರದಿಂದ ಮೂಲ ದನಿ ಸ್ವಲ್ಪವೂ ಬೆರೆಯದ ಅನುರಣನ ಮಾತ್ರ ಬರಬೇಕು. ಅದು 20 ಮಿಲಿಸೆಕೆಂಡು ತಡವಾದರೂ ಬಾಧೆಯಿಲ್ಲ. ಹಿಂದಿನ ತಂತ್ರಜ್ಞರು ಬಯಸಿ ಪಡೆದ ತಡವೇ ಅದು. ಡಿಸ್ಕಿನಲ್ಲಿ ಉಳಿಯುವುದು ಅಲಂಕಾರವಿಲ್ಲದ ದನಿ. ಅನುರಣನ ಎಷ್ಟಿರಬೇಕೆಂಬುದನ್ನು ನಾಳೆಯೂ ತೀರ್ಮಾನಿಸಬಹುದು.

ಈ ಉಪಾಯಕ್ಕೆ ಒಗ್ಗದ ಸಾಧನವೂ ಉಂಟು. 1997ರಲ್ಲಿ ಬಂದ ಆಟೋ-ಟ್ಯೂನ್ ದನಿಗೆ ಏನನ್ನೂ ಕೂಡಿಸುವುದಿಲ್ಲ; ತಿದ್ದಿದ ಸ್ವರವನ್ನು ಮೂಲದ ಜಾಗದಲ್ಲೇ ಇಡುತ್ತದೆ. ಅದನ್ನು ಬಿಗಿಯಾಗಿ ಹೊಂದಿಸಿದರೆ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ತಿದ್ದಿದ ದನಿಯನ್ನೇ ಕೇಳುತ್ತ ಹಾಡುವವರಿಗೆ ತಮ್ಮ ಕೊರಳು ಶ್ರುತಿಯನ್ನು ಬಿಟ್ಟದ್ದು ತಿಳಿಯುವುದೇ ಇಲ್ಲ. ಗುರುಗಳ ಮನೆ ದೂರವಾಗಿರುವ ಊರುಗಳಲ್ಲಿ ನಮ್ಮ ಮಕ್ಕಳು ಕನ್ನಡದ ಹಾಡನ್ನು ಕಲಿಯುವುದು ಹಲವೊಮ್ಮೆ ಇಂಥ ಮನೆಯ ಮುದ್ರಣಗಳಿಂದಲೇ. ಆದ್ದರಿಂದ ಅನುರಣನವನ್ನು ಕೇಳುತ್ತ ಸಂತೋಷವಾಗಿ ಹಾಡೋಣ. ಸ್ವರವನ್ನು ತಿದ್ದುವ ಕೆಲಸವನ್ನು ಮಾತ್ರ, ಹಾಡುವಷ್ಟು ಹೊತ್ತು, ನಮ್ಮ ಕಿವಿಗೇ ಬಿಡೋಣ.