ಮುರುಗಲ ಪಾನಕ: ಒಂದು ಲೋಟದಲ್ಲಿ ಕರಾವಳಿಯ ಚರಿತ್ರೆ



ಏಪ್ರಿಲ್, ಮೇ ತಿಂಗಳಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಿಗೆ ಹೋದರೆ ಆಸರಿಗೆಂದು ಕೈಗೆ ಬರುವ ಲೋಟದಲ್ಲಿ ಕಡುಗೆಂಪು ಬಣ್ಣದ ಹುಳಿಸಿಹಿ ನೀರು ಇರುವ ಸಂಭವ ಹೆಚ್ಚು. ಅದು ಮುರುಗಲ ಹಣ್ಣಿನ ಪಾನಕ. ದಕ್ಷಿಣ ಕನ್ನಡದವರು ಇದನ್ನು ಪುನರ್ಪುಳಿ ಎನ್ನುತ್ತಾರೆ, ಮರಾಠಿಗರು ಕೋಕಂ ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಈ ಊರುಗಳ ಹೆಸರು ಬರುವುದು ಕಾಳುಮೆಣಸು, ಅರಬೀ ಕುದುರೆ, ಪೋರ್ಚುಗೀಸರ ನೌಕೆ ಇವುಗಳ ಜೊತೆಗೆ. ಲೋಟದಲ್ಲಿರುವ ಹುಳಿ, ಸಿಹಿ, ಉಪ್ಪುಗಳ ಬೆನ್ನು ಹಿಡಿದು ಹೋದರೂ ನಾವು ಅದೇ ಬಂದರುಗಳಿಗೆ ತಲುಪುತ್ತೇವೆ.

ಮೊದಲು ಹೊನ್ನಾವರಕ್ಕೆ ಹೋಗೋಣ. 1342ರ ಸುಮಾರಿಗೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದ. ಊರನ್ನು ಅವನು ಹಿನೌರ್ ಎಂದು ಕರೆದಿದ್ದಾನೆ. ಇಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವೆಂಬ ಅವನ ಮಾತು ಪ್ರಸಿದ್ಧ. ಅದರಷ್ಟೇ ಬೆಲೆಯುಳ್ಳದ್ದು ಅವನು ಕೊಟ್ಟ ಊಟದ ವರ್ಣನೆ. ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಅನ್ನದ ಮೇಲೆ ತುಪ್ಪ ಬಡಿಸಿದರು. ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ ಮತ್ತು ಮಾವಿನ ಉಪ್ಪಿನಕಾಯಿ. ಕೊನೆಗೆ ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಆಮೇಲೆ ಕುಡಿಯಲು ಕೊಟ್ಟದ್ದು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಕೆಡುಕು ಎಂಬುದು ಇಲ್ಲಿನವರ ನಂಬಿಕೆ. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನದಲ್ಲೇ ದಿನ ಕಳೆದೆನೆಂದೂ ಅವನು ಬರೆದಿದ್ದಾನೆ. ಪಾಪ, ಗೋಧಿಯ ನಾಡಿನವನು! ಈ ಎಲೆಯಲ್ಲಿ ಹಸಿಮೆಣಸು ಇಲ್ಲವೆಂಬುದನ್ನು ಗಮನಿಸಿ. ಅದು ಅಮೆರಿಕ ಖಂಡದ ಗಿಡ. ಇಲ್ಲಿಗೆ ಬರಲು ಇನ್ನೂ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು. ಆಗಿನ ಖಾರವೆಂದರೆ ಶುಂಠಿ ಮತ್ತು ಕಾಳುಮೆಣಸು. ರಾಮನವಮಿಯ ಬೆಲ್ಲದ ಪಾನಕದಲ್ಲಿ ಇಂದಿಗೂ ಇರುವುದು ಆ ಎರಡೇ. ಅದೇ ಮೆಣಸಿನಿಂದಾಗಿ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು.

ಸಿಹಿಯ ಕಥೆ ಭಟ್ಕಳದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ದುವಾರ್ತೆ ಬಾರ್ಬೋಸ ಎಂಬ ಪೋರ್ಚುಗೀಸನು, ಹೊರ್ಮುಜ್ ಬಂದರಿನ ಹಡಗುಗಳು ಭಟ್ಕಳದಿಂದ ಬಿಳಿ ಅಕ್ಕಿ, ಕಬ್ಬಿಣ ಮತ್ತು ಪುಡಿ ಸಕ್ಕರೆಯನ್ನು ತುಂಬಿಕೊಂಡು ಹೋಗುತ್ತಿದ್ದವೆಂದು ತಿಳಿಸುತ್ತಾನೆ. ಸಕ್ಕರೆಯನ್ನು ಅಚ್ಚು ಕಟ್ಟುವ ವಿದ್ಯೆ ಇಲ್ಲಿನವರಿಗೆ ಗೊತ್ತಿರಲಿಲ್ಲವಾದ್ದರಿಂದ ಅದು ಪುಡಿಯಾಗಿಯೇ ಹೋಗುತ್ತಿತ್ತಂತೆ. ಮಾತುಗಳೂ ಹೀಗೆಯೇ ಸಮುದ್ರ ದಾಟುತ್ತವೆ. ನಮ್ಮ ಶರ್ಕರ ಅರಬೀ ಭಾಷೆಯಲ್ಲಿ ಸುಕ್ಕರ್ ಆಗಿ ಯುರೋಪಿಗೆ ಹೋಯಿತು. ಕುಡಿಯುವುದು ಎಂಬ ಅರ್ಥದ ಅರಬೀ ಧಾತುವಿನಿಂದ ಹುಟ್ಟಿದ ಪದ ಶರಬತ್ತಾಗಿ ನಮ್ಮ ಅಡುಗೆಮನೆಗೆ ಬಂತು. ಅದೇ ಧಾತು ಯುರೋಪಿನಲ್ಲಿ ಸಿರಪ್ ಆಯಿತು. ಅರಬೀ ವರ್ತಕರೊಡನೆ ಶತಮಾನಗಳ ನಂಟುಳ್ಳ ಭಟ್ಕಳದ ನವಾಯತರ ಮನೆಗಳಲ್ಲಿ ಶರಬತ್ತಿಗೆ ಇರುವ ಮರ್ಯಾದೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಹುಳಿ ಮಾತ್ರ ಎಲ್ಲಿಂದಲೂ ಬಂದದ್ದಲ್ಲ. ಮುರುಗಲು ಪಶ್ಚಿಮ ಘಟ್ಟದ ಸ್ವಂತ ಮರ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತ ಎಂಬ ವೈದ್ಯನ ಗ್ರಂಥದಲ್ಲಿ ಬ್ರಿಂದಾಂವ್ ಎಂಬ ಹುಳಿಹಣ್ಣಿನ ಪ್ರಸ್ತಾಪವಿದೆ. ಕೊಂಕಣಿಯ ಭಿರಂಡವೇ ಪೋರ್ಚುಗೀಸರ ಬಾಯಲ್ಲಿ ಹೀಗಾಯಿತು. ಇದರ ಸಿಪ್ಪೆಯಿಂದ ಅವರು ವಿನೆಗರ್ ಮಾಡಿಕೊಳ್ಳುತ್ತಿದ್ದರು. ಮರದ ಶಾಸ್ತ್ರೀಯ ನಾಮ ಗಾರ್ಸಿನಿಯಾ ಇಂಡಿಕಾ. ಇದನ್ನು ಓರ್ತನ ಹೆಸರೆಂದು ತಿಳಿಯುವವರಿದ್ದಾರೆ. ಅದು ಲೊರಾಂ ಗಾರ್ಸಿನ್ ಎಂಬ ಹದಿನೆಂಟನೆಯ ಶತಮಾನದ ಸಸ್ಯಶಾಸ್ತ್ರಜ್ಞನ ಹೆಸರು.

ನಾವು ನಮ್ಮವೇ ಎಂದುಕೊಂಡ ಬೇರೆ ಕೆಲವು ಹಣ್ಣುಗಳು ಹೊರಗಿನವು. ಗೇರು, ಅನಾನಸು ಎರಡೂ ದಕ್ಷಿಣ ಅಮೆರಿಕದ ಸಸ್ಯಗಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದವು. ಕಾಜು, ಅನಾನಸು ಎಂಬ ಹೆಸರುಗಳೂ ಬ್ರೆಜಿಲಿನ ಮೂಲನಿವಾಸಿಗಳ ತುಪಿ ಭಾಷೆಯವು. ಗೇರುಹಣ್ಣಿನ ರಸ ಗಂಟಲು ಹಿಡಿಯುತ್ತದೆಂದು ಅದನ್ನು ಎಸೆಯುವವರೇ ಹೆಚ್ಚು. ಹಿಂಡಿದ ರಸಕ್ಕೆ ಸ್ವಲ್ಪ ಅನ್ನದ ಗಂಜಿ ಬೆರೆಸಿಟ್ಟರೆ ಒಗರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು, ಹುಳಿಯುವ ಮೊದಲೇ ಅದೇ ದಿನ ಕುಡಿಯಬೇಕು.

ಇನ್ನು ಉಪ್ಪು. ಕುಮಟಾ ತಾಲ್ಲೂಕಿನಲ್ಲಿ ಗೋಕರ್ಣದ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಸಾಣಿಕಟ್ಟಾ ಉಪ್ಪಿನ ಗದ್ದೆಗಳಿವೆ. ಭರತದ ನೀರನ್ನು ಒಳಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಇಲ್ಲಿ ಉಪ್ಪು ಬೆಳೆಯುತ್ತಾರೆ. ಪಾನಕಕ್ಕೆ ಹಾಕುವ ಆ ಚಿಟಿಕೆ ಉಪ್ಪಿಗೂ ಬ್ರಿಟಿಷರು ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದರು. 1930ರ ಏಪ್ರಿಲಿನಲ್ಲಿ ನೆರೆಯ ಅಂಕೋಲೆಯ ಜನ ಆ ಕಾನೂನನ್ನು ಮುರಿದದ್ದನ್ನು ನೀವು ಓದಿದ್ದೀರಿ. ತೆರಿಗೆ ರದ್ದಾದದ್ದು 1947ರಲ್ಲಿ. ಬೆವರಿನ ಜೊತೆ ದೇಹದಿಂದ ಉಪ್ಪೂ ಹೊರಟುಹೋಗುವುದರಿಂದ ಬೇಸಿಗೆಯ ಪಾನೀಯಕ್ಕೆ ಅದನ್ನು ಹಾಕುವ ರೂಢಿ ಅರ್ಥವುಳ್ಳದ್ದೇ.

ಈಗ ಮಾಡುವ ವಿಧಾನ. ಚೆನ್ನಾಗಿ ಹಣ್ಣಾದ ಮುರುಗಲನ್ನು ತೊಳೆದು, ತೇವವಿಲ್ಲದಂತೆ ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಬೀಜವನ್ನು ಎಸೆಯಬೇಡಿ, ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪ ಬರುವುದು ಅದರಿಂದಲೇ. ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆಯಂತೆ ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣ ಸೌಟಿನಿಂದ ತಿರುವಬೇಕು. ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಬೇಡ. ಹಣ್ಣಿನ ಆಮ್ಲ ಲೋಹವನ್ನು ಕರಗಿಸುತ್ತದೆ. ಸೋಸಿಟ್ಟ ರಸ ಒಂದು ಪಾಲಿಗೆ, ಕುದಿಸಿ ಆರಿಸಿದ ನೀರು ಐದಾರು ಪಾಲು. ಮೇಲೆ ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ. ಸಕ್ಕರೆ ಹೆಚ್ಚಾಯಿತೆನ್ನುವವರಿಗೆ ಹಳೆಯ ದಾರಿಯೇ ವಾಸಿ: ಒಣಗಿಸಿಟ್ಟ ಸಿಪ್ಪೆಯನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ, ಕಿವುಚಿ, ಬೆಲ್ಲವನ್ನು ಹೆಸರಿಗಷ್ಟೇ ಹಾಕಿ ಕುಡಿಯುವುದು. ನನಗೆ ರುಚಿಯೂ ಅದರದ್ದೇ ಮೇಲು.

ಈ ಮರದ ಭವಿಷ್ಯದ ವಿಚಾರವಾಗಿ ಎರಡು ಮಾತು ಹೇಳಬೇಕು. ಮುರುಗಲಿನ ಸೋದರ ಜಾತಿಯಾದ ಉಪ್ಪಾಗೆಯ ಸಿಪ್ಪೆಯಲ್ಲಿ ಬೊಜ್ಜು ಇಳಿಸುವ ಗುಣವಿದೆಯೆಂಬ ಪ್ರಚಾರದಿಂದ 1990ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಿಂದ ಅದಕ್ಕೆ ಭಾರೀ ಬೇಡಿಕೆ ಬಂತು. ಉತ್ತರ ಕನ್ನಡದ ಕಾಡುಗಳಲ್ಲಿ, ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂಬ ಭಯದಿಂದ ಕಾಯಿ ಬಲಿಯುವ ಮೊದಲೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಸಿಪ್ಪೆ ಒಣಗಿಸಲು ಕಟ್ಟಿಗೆಯನ್ನೂ ಸುಟ್ಟರು. ಮುರುಗಲಿಗೆ ಎದುರಾಗಿರುವ ಅಪಾಯ ಬೇರೆ ಬಗೆಯದು. ಇದರಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ; ಬೀಜದಿಂದ ಎದ್ದ ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗುತ್ತವೆ, ಅದು ತಿಳಿಯಲು ಹಲವು ವರ್ಷ ಕಾಯಬೇಕು. ಹಣ್ಣು ಬಿಡದ ಮರ ದಂಡವೆಂದು ಕಡಿದರೆ ಪರಾಗ ಕೊಡುವ ಮರವೇ ಹೋದಂತಾಯಿತು. ಈ ರಜೆಯಲ್ಲಿ ನಿಮ್ಮೂರಿನ ಹಿರಿಯರನ್ನು ಕೇಳಿ ನೋಡಿ: ಮುರುಗಲ ಮರ ಎಲ್ಲೆಲ್ಲಿದೆ, ಹಣ್ಣನ್ನು ಯಾವ ವಾರ ಕೊಯ್ಯುತ್ತಾರೆ, ಯಾರು ಕೊಯ್ಯುತ್ತಾರೆ? ಉತ್ತರಗಳನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ. ಜೂನ್ ಮೊದಲ ಮಳೆ ಬಿದ್ದ ಮೇಲೆ ಸಿಪ್ಪೆ ಒಣಗುವುದಿಲ್ಲ, ಭರಣಿಗೆ ಬಿಸಿಲೂ ಸಿಗುವುದಿಲ್ಲ.